ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ನಡುವೆ ಒಬ್ಬರೇ ಸುತ್ತಾಡುವವರಿಗೆ

ಎಲ್ಲರಿಗೂ ನಮಸ್ಕಾರ. ಹೊರದೇಶದಲ್ಲಿ ತೋಟದವರ ಮನೆಯಲ್ಲೇ ಉಳಿದು, ಊಟ, ವಸತಿಗಾಗಿ ಒಂದು ತೋಟದ ಕೆಲಸ ಮುಗಿಸಿ, ಇನ್ನೊಂದಕ್ಕೆ ಹೋಗುವ ಮುಂಚೆ ಒಬ್ಬರೇ ಊರು ನೋಡಬೇಕು ಅನ್ನುವವರಿಗೆ ಈ ಸೂಚನೆ. ಬಿಡುವು ಖಂಡಿತ ಇಟ್ಟುಕೊಳ್ಳಿ. ದಿನಾ ಗಂಟೆಗಟ್ಟಲೆ ಬಗ್ಗಿ ಕಳೆ ಕಿತ್ತ ಸೊಂಟಕ್ಕೆ ಅದು ಬೇಕು.

ಮೊದಲು ವೀಸಾ ನೋಡಿ. ಸುತ್ತಾಡುವ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಯುರೋಪಿನ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಕೂಟ) ಅಲ್ಪಾವಧಿ ವೀಸಾದವರು 180 ದಿನಗಳಲ್ಲಿ 90 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಒಂದು ಷೆಂಗೆನ್ ದೇಶದಿಂದ ಇನ್ನೊಂದಕ್ಕೆ ಹೋದರೂ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ.

ಹೊರಡುವ ಹಿಂದಿನ ದಿನವೇ ಬೂಟು ತೊಳೆಯಿರಿ. ಸುಮ್ನೆ ಕೊಡವಿದರೆ ಸಾಲದು. ಅಡಿಯ ಗೆರೆಗಳಲ್ಲಿ ಕೂತ ಮಣ್ಣನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆದು, ಪೂರ್ತಿ ಒಣಗಿಸಿ. ಕಳೆಬೀಜ, ಬೇರುಕೊಳೆ ರೋಗ ಎಲ್ಲ ಆ ಮಣ್ಣಿನ ಜೊತೆಗೇ ಮುಂದಿನ ತೋಟಕ್ಕೆ ಹೋಗಬಹುದು. ಗುರುತಿಲ್ಲದ ನಮಗೆ ಮನೆ ಬಾಗಿಲು ತೆರೆಯುವವರಿಗೆ ಅಷ್ಟಾದರೂ ಮಾಡಬೇಕು ಅಲ್ವಾ? ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಂತೂ ವಿಮಾನ ನಿಲ್ದಾಣದಲ್ಲೇ ಬೂಟಿನ ಮಣ್ಣು ನೋಡುತ್ತಾರೆ.

ಹೊಸ ತೋಟದವರಿಗೆ ಬರುವ ದಿನ, ಗಂಟೆ, ಇಳಿಯುವ ಸ್ಟಾಪು ಮೂರನ್ನೂ ಬರೆದು ತಿಳಿಸಿ. ಹಳ್ಳಿ ಕಡೆ ಭಾನುವಾರ ಬಸ್ಸು ಕಡಿಮೆ, ಎಷ್ಟೋ ಕಡೆ ಇರುವುದೇ ಇಲ್ಲ.

ದಿನಕ್ಕೊಂದು ಊರು ಅಂತ ಓಡಬೇಡಿ. ಒಂದೇ ಕಡೆ ಉಳಿದು, ನಡೆದು ನೋಡಿ. ಒಬ್ಬರೇ ಬೆಟ್ಟ ಹತ್ತುವುದಾದರೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಅಂತ ನಮ್ಮ ಈ ಗುಂಪಿನಲ್ಲಿ ಬರೆದು ಹಾಕಿ ಹೋಗಿ. ಇಳಿದು ಬಂದ ಕೂಡಲೇ 'ಬಂದೆ' ಅಂತ ತಿಳಿಸಿ, ಅಷ್ಟು ಸಾಕು.