ಉಲ್ಕೆ ಗುಡ್ಡದ ಹಿಂದೆ ಬಿದ್ದಿಲ್ಲ

ಮಾನ್ಯ ಸಂಪಾದಕರೇ,

ಡಿಸೆಂಬರ್ 14ರ ನಸುಕಿನಲ್ಲಿ ಕಂಡ ಬೆಂಕಿಯುಂಡೆಯ ಬಗ್ಗೆ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದ ವರದಿಯನ್ನು ಓದಿದೆ. ಅದನ್ನು ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬನಾದ್ದರಿಂದ ಎರಡು ತಿದ್ದುಪಡಿಗಳನ್ನೂ ಒಂದು ಕೋರಿಕೆಯನ್ನೂ ಮುಂದಿಡಬಯಸುತ್ತೇನೆ.

ಪ್ರತಿ ಡಿಸೆಂಬರಿನಲ್ಲಿ ಸುರಿಯುವ ಜೆಮಿನಿಡ್ ಉಲ್ಕೆಗಳನ್ನು ಎಣಿಸಲೆಂದು ಹಿರಿಯೂರಿನ ನಮ್ಮ ಮನೆಯ ತಾರಸಿಯ ಮೇಲೆ ಚಾಪೆ ಹಾಸಿ ಮಲಗಿದ್ದೆ. 4 ಗಂಟೆ 50 ನಿಮಿಷಕ್ಕೆ ಸ್ವಾತಿ ನಕ್ಷತ್ರದ ಪಕ್ಕದಿಂದ ಹೊರಟ ಬೆಳಕು ಚಿತ್ತೆಯ ಕೆಳಗೆ ಹಾದು, ಸುಮಾರು 4 ಸೆಕೆಂಡುಗಳಲ್ಲಿ ಆಗ್ನೇಯದ ತೆಂಗಿನ ಮರಗಳ ತಲೆಯ ಮೇಲೆ ನಂದಿಹೋಯಿತು. ಶುಕ್ರನಿಗಿಂತ ಪ್ರಖರವಾದ ಉಲ್ಕೆಯನ್ನು ಫೈರ್‌ಬಾಲ್ ಎನ್ನುವುದು ವಾಡಿಕೆ. ಇದಂತೂ ನೀರಿನ ಟ್ಯಾಂಕಿನ ನೆರಳು ತಾರಸಿಯ ಮೇಲೆ ಸರಿದುಹೋಗುವಷ್ಟು ಬೆಳಗಿತು.

ವರದಿಯಲ್ಲಿ ಇದನ್ನು ಜೆಮಿನಿಡ್ ಎಂದು ಬರೆಯಲಾಗಿದೆ. ಫೇಥಾನ್ ಎಂಬ ಕ್ಷುದ್ರಗ್ರಹ ಬಿಟ್ಟುಹೋದ ಧೂಳಿನಿಂದ ಹುಟ್ಟುವ ಆ ಉಲ್ಕೆಗಳ ಹಾದಿಯನ್ನು ಹಿಂದಕ್ಕೆ ಎಳೆದರೆ ಅದು ಮಿಥುನ ರಾಶಿಯನ್ನು, ಅಂದರೆ ಪುನರ್ವಸುವಿನ ನೆರೆಯನ್ನು ಮುಟ್ಟಬೇಕು. ಆ ಹೊತ್ತಿನಲ್ಲಿ ಮಿಥುನ ಪಶ್ಚಿಮಕ್ಕೆ ವಾಲಿತ್ತು. ನಾನು ಕಂಡ ಹಾದಿಯಾದರೋ ಹಿಂದಕ್ಕೆ ಸಪ್ತರ್ಷಿಗಳ ಬಾಲದ ಕಡೆಗೆ ಹೋಗುತ್ತದೆ. ಇದು ಯಾವ ಉಲ್ಕಾವೃಷ್ಟಿಗೂ ಸೇರದ ಒಂಟಿ ಉಲ್ಕೆಯೆಂದೇ ನನ್ನ ಎಣಿಕೆ.

ಅದು ಊರಾಚೆಯ ಗುಡ್ಡದ ಹಿಂದೆ ಬಿದ್ದಿದೆ, ಜನ ಹುಡುಕಲು ಹೋಗಿದ್ದಾರೆ ಎಂಬುದು ಎರಡನೆಯ ತಪ್ಪು. ಅದು ನಂದಿದ ಕೂಡಲೇ ಕೈ ಚಾಚಿ ಮುಷ್ಟಿ ಹಿಡಿದು ನೋಡಿದೆ; ದಿಗಂತದಿಂದ ಒಂದೇ ಮುಷ್ಟಿ, ಅಂದರೆ ಸುಮಾರು 10 ಡಿಗ್ರಿ. ಅದು 50 ಕಿ.ಮೀ. ಎತ್ತರದಲ್ಲಿ ನಂದಿತೆಂದು ಇಟ್ಟುಕೊಂಡರೆ ನಮ್ಮಿಂದ ಸುಮಾರು 250 ಕಿ.ಮೀ. ದೂರವಾಗುತ್ತದೆ. ಆ ದಿಕ್ಕಿನಲ್ಲಿ ಅಷ್ಟು ದೂರವೆಂದರೆ ತಮಿಳುನಾಡಿನ ಕೃಷ್ಣಗಿರಿಯ ಆಸುಪಾಸು. ಶಬ್ದಕ್ಕೆ 100 ಕಿ.ಮೀ. ಸಾಗಲು 5 ನಿಮಿಷವಾದರೂ ಬೇಕಾದ್ದರಿಂದ ಗಡಿಯಾರ ನೋಡುತ್ತ ಕಾಲು ಗಂಟೆ ಕಿವಿಗೊಟ್ಟು ಕುಳಿತಿದ್ದೆ. ಬೀದಿನಾಯಿಗಳ ಬೊಗಳಾಟದ ಹೊರತು ಏನೂ ಕೇಳಿಸಲಿಲ್ಲ. (ಬೆಳಕಿಗೂ ಸದ್ದಿಗೂ ನಡುವಿನ ಈ ಅಂತರ ಬಲ್ಲವರು ಕಿಟಕಿಯ ಬಳಿ ನಿಲ್ಲುವುದಿಲ್ಲ; 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್‌ನ ಆಕಾಶದಲ್ಲಿ ಉಲ್ಕೆ ಸಿಡಿದಾಗ ಗಾಯಗೊಂಡ ಸುಮಾರು 1,500 ಮಂದಿಯಲ್ಲಿ ಹೆಚ್ಚಿನವರಿಗೆ ತಗುಲಿದ್ದು ಒಡೆದ ಗಾಜು.)

ಇದು ರಾಕೆಟ್ಟಿನ ಅವಶೇಷವಿರಬಹುದೇ ಎಂದು ಗೆಳೆಯರೊಬ್ಬರು ಕೇಳಿದರು. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ ರಾಕೆಟ್ಟಿನದೆನ್ನಲಾದ ಲೋಹದ ಉಂಗುರ ಬಿದ್ದಾಗ ಆಕಾಶದಲ್ಲಿ ಕಂಡದ್ದನ್ನು ಹಲವರು ಉಲ್ಕೆಯೆಂದೇ ಭಾವಿಸಿದ್ದರು. ಆದರೆ ಅಂಥವು ಚೂರುಚೂರಾಗಿ, ನಿಧಾನವಾಗಿ, ಬಹಳ ಹೊತ್ತು ಸಾಗುತ್ತವೆ. 4 ಸೆಕೆಂಡುಗಳಲ್ಲಿ ಮುಗಿಯುವುದಿಲ್ಲ.

ಒಬ್ಬನೇ ನೋಡಿದ್ದರಿಂದ ಉಲ್ಕೆಯ ನಿಜವಾದ ಎತ್ತರ ತಿಳಿಯದು. ದೂರದ ಇನ್ನೊಂದು ಊರಿನಿಂದ ನೋಡಿದವರ ಲೆಕ್ಕವೂ ಬೇಕು. ನನ್ನ ಅಂದಾಜು ಸರಿಯಿದ್ದರೆ ಚಿಂತಾಮಣಿ, ಕೋಲಾರದ ಕಡೆಯವರಿಗೆ ಅದು ಬಹುತೇಕ ನೆತ್ತಿಯ ಮೇಲೆಯೇ ಹಾದಿರಬೇಕು. ಅಲ್ಲಿನ ಓದುಗರು ನಿಂತಿದ್ದ ಜಾಗ, ಕಂಡ ದಿಕ್ಕು, ಮುಷ್ಟಿಯ ಲೆಕ್ಕದಲ್ಲಿ ಎತ್ತರ ಇವಿಷ್ಟನ್ನು ಪತ್ರಿಕೆಗೆ ಬರೆಯಲಿ. ಸಿಸಿಟಿವಿ ದೃಶ್ಯವಿದ್ದರೆ ಅಳಿಸಿಹೋಗುವ ಮುನ್ನ ತೆಗೆದಿಡಲಿ. ತಾವು ಅವನ್ನು ಪ್ರಕಟಿಸಿದರೆ ಲೆಕ್ಕ ಹಾಕುವ ಕೆಲಸವನ್ನು ನಾನು ಸಂತೋಷದಿಂದ ಮಾಡುತ್ತೇನೆ.

– ಹವ್ಯಾಸಿ ಆಕಾಶ ವೀಕ್ಷಕ, ಹಿರಿಯೂರು