ಪಿಕಪ್ ಗಾಡಿಗಳ ಟೈರ್ ಸೈಜ್ ಬಗ್ಗೆ ನವೆಂಬರ್ 1ರಿಂದ ಹೊಸ ಪದ್ಧತಿ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ನವೆಂಬರ್ 1ರಿಂದ ನಮ್ಮ ವಿಜಯಪುರದ ಟೈರ್ ವಿಭಾಗದಲ್ಲಿ, ಕಂಪನಿ ಕೊಟ್ಟ ಸೈಜ್ ಬಿಟ್ಟು ಬೇರೆ ಸೈಜ್ ಕೇಳಿದರೆ ಮೊದಲು ಗಾಡಿ ಅಳೆಯುತ್ತೇವೆ. ಲೆಕ್ಕ ಕೂಡಿದರೆ ಹಾಕಿಕೊಡುತ್ತೇವೆ, ಕೂಡದಿದ್ದರೆ ಟೈರ್ ಸ್ಟಾಕಿನಲ್ಲಿದ್ದರೂ ಕೊಡುವುದಿಲ್ಲ. ಅಳತೆಗೆ ದುಡ್ಡಿಲ್ಲ. ಅರ್ಧ ತಾಸು ಹಿಡಿಯುತ್ತದೆ. ಗಾಡಿ ಖಾಲಿ ಇರಲಿ, ಆರ್‌ಸಿ ಜೊತೆಗಿರಲಿ. ಕಂಪನಿ ಸೈಜೇ ಬೇಕೆನ್ನುವವರಿಗೆ ಏನೂ ಬದಲಾಗುವುದಿಲ್ಲ, ಎಂದಿನಂತೆ ಬಂದು ಹಾಕಿಸಿಕೊಂಡು ಹೋಗಬಹುದು.

ಹೆಚ್ಚು ಕೇಳಿಬರುವುದು "215/75 ಆರ್15 ತೆಗೆದು 235/75 ಆರ್15 ಹಾಕಿ" ಎಂಬ ಮಾತು. ಎರಡಕ್ಕೂ ಡಿಸ್ಕ್ (ಟೈರ್ ಕೂರುವ ಲೋಹದ ಚಕ್ರ) 15 ಇಂಚಿನದೇ, ಟೈರ್ ಕೂರುತ್ತದೆ ಕೂಡ. ಆದರೆ ಸೈಜಿನಲ್ಲಿ ಮೊದಲಿನ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ; 75 ಅನ್ನುವುದು ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ 75. ಅಗಲ ಹೆಚ್ಚಿದರೆ ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್ ತಾನಾಗಿಯೇ ಎತ್ತರವಾಗುತ್ತದೆ. 215ರ ಶೇ. 75 ಅಂದರೆ 161 ಮಿ.ಮೀ.; ಮೇಲೊಂದು ಕೆಳಗೊಂದು ಸೇರಿ 322, ಡಿಸ್ಕಿನ 15 ಇಂಚು ಅಂದರೆ 381 ಕೂಡಿಸಿದರೆ ಟೈರಿನ ಒಟ್ಟು ಎತ್ತರ ಸುಮಾರು 703 ಮಿ.ಮೀ. ಅದೇ ಲೆಕ್ಕದಲ್ಲಿ 235/75 ಟೈರ್ 733 ಆಗುತ್ತದೆ. 30 ಮಿ.ಮೀ. ಅಂದರೆ ಶೇ. 4ಕ್ಕಿಂತ ಹೆಚ್ಚು. ನಾವು ಇಟ್ಟುಕೊಂಡ ಮಿತಿ ಶೇ. 3.

ಇಷ್ಟು ಮಾಡಿ ಸಿಗುವುದೇನು? ನೆಲದಿಂದ ಗಾಡಿ ಮೇಲೇಳುವುದು 30ರ ಅರ್ಧ, 15 ಮಿ.ಮೀ. ಮಾತ್ರ. ಎರಿ ಹೊಲದ ದಾರಿಯಲ್ಲಿ ಮಳೆಯಾದಾಗ ಹೂಳುವ ಗಾಡಿ ಆ 15 ಮಿ.ಮೀ.ಯಿಂದ ಹೊರಬರುವುದಿಲ್ಲ, ಅಲ್ಲಿ ಕೆಲಸ ಮಾಡುವುದು ಗ್ರಿಪ್. ಕಳೆದುಕೊಳ್ಳುವುದು ಜಾಸ್ತಿ. ಪ್ರತಿ ಗೇರೂ ಶೇ. 4ರಷ್ಟು ಉದ್ದವಾದಂತಾಗಿ ಲೋಡ್ ಗಾಡಿ ಏರಿನಲ್ಲಿ ಎತ್ತುವಾಗ ಕ್ಲಚ್ ಸುಡುತ್ತದೆ. ಮೀಟರ್ 60 ತೋರಿಸುವಾಗ ಗಾಡಿ 62ರ ಮೇಲೆ ಓಡುತ್ತಿರುತ್ತದೆ. ಕಿಲೋಮೀಟರ್ ಕೂಡ ಕಡಿಮೆ ಎಣಿಸುತ್ತದೆ. ಟೈರ್ ಬದಲಿಸಿದ ಮೇಲೆ ಆ್ಯವರೇಜ್ ಬಿದ್ದಿತು ಎಂದು ದೂರುವವರ ದೂರಿನಲ್ಲಿ ಒಂದು ಪಾಲು ಈ ತಪ್ಪು ಎಣಿಕೆಯದು, ಎಲ್ಲವೂ ಡೀಸೆಲ್ಲಿನದಲ್ಲ.

ಎತ್ತರಕ್ಕಿಂತ ದೊಡ್ಡ ವಿಷಯ ಭಾರ. ಇದರಲ್ಲಿ ನಮ್ಮ ಕಡೆಯಿಂದ ಯಾವ ರಿಯಾಯಿತಿಯೂ ಇಲ್ಲ. 215/75 ಆರ್15 ಸೈಜ್ ಜೀಪಿಗೂ ಇದೆ, ಪಿಕಪ್ಪಿಗೂ ಇದೆ. ಸೈಜ್ ಒಂದೇ, ಟೈರ್ ಬೇರೆ. ಸೈಜಿನ ನಂತರ 100 ಎಸ್ ಎಂದಿದ್ದರೆ, 100 ಎಂಬುದು ಭಾರದ ಸಂಕೇತ, ಆ ಟೈರ್ ಹೊರುವುದು 800 ಕೆ.ಜಿ.; 'ಎಸ್' ಅಂದರೆ ಗಂಟೆಗೆ 180 ಕಿ.ಮೀ. ವೇಗದವರೆಗೆ ಸರಿ ಎಂದರ್ಥ, ಪಿಕಪ್ಪಿಗೆ ಬೇಕಿಲ್ಲದ ಗುಣ. ಸರಕು ಗಾಡಿಯ ಟೈರಿನಲ್ಲಿ 112/110 ಎಂಬಂತೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಒಂಟಿ ಟೈರಿನ ಲೆಕ್ಕ, 1,120 ಕೆ.ಜಿ.; ಎರಡನೆಯದು ಜೋಡಿ ಟೈರ್ ಹಾಕಿದಾಗ ಒಂದೊಂದಕ್ಕೆ, 1,060 ಕೆ.ಜಿ.

ಈಗ ಗಾಡಿಯ ಲೆಕ್ಕ ನೋಡಿ. ಲೋಡ್ ಸಮೇತ 3,000 ಕೆ.ಜಿ. ತೂಗುವ ಪಿಕಪ್ಪಿನಲ್ಲಿ ಮೂರರಲ್ಲಿ ಎರಡು ಪಾಲು ಹಿಂದಿನ ಹೌಸಿಂಗ್ (ಹಿಂದಿನ ಆ್ಯಕ್ಸಲ್ಲಿನ ಕವಚ) ಮೇಲೆ ಬಿತ್ತೆಂದರೆ ಒಂದೊಂದು ಹಿಂದಿನ ಟೈರ್ 1,000 ಕೆ.ಜಿ. ಹೊರಬೇಕು. 800ರ ಟೈರ್ ಅಲ್ಲಿ ಹಾಕಿದರೆ ಸೈಡ್‌ವಾಲ್ ಪ್ರತಿ ಸುತ್ತಿಗೂ ಅತಿಯಾಗಿ ಬಾಗುತ್ತದೆ, ಬಾಗಿದಷ್ಟೂ ಒಳಗೆ ಕಾಯುತ್ತದೆ. ಒಣದ್ರಾಕ್ಷಿ ಬಾಕ್ಸ್ ತುಂಬಿಕೊಂಡು ಏಪ್ರಿಲ್ ಬಿಸಿಲಿನಲ್ಲಿ ಸೋಲಾಪುರ ಹೆದ್ದಾರಿ ಹಿಡಿದರೆ ಆ ಕಾವು ಇಳಿಯಲು ಸಮಯವೇ ಸಿಗುವುದಿಲ್ಲ. ಮೊದಲು ಸೈಡ್‌ವಾಲ್‌ನಲ್ಲಿ ಗುಳ್ಳೆ ಏಳುತ್ತದೆ, ಇಲ್ಲವೇ ಗ್ರಿಪ್ಪಿನ ಪಟ್ಟಿ ಎದ್ದು ಬರುತ್ತದೆ, ಆಮೇಲೆ ಬರ್ಸ್ಟ್. ಹವಾ ಜಾಸ್ತಿ ಹಾಕಿದರೆ ಸರಿಹೋಗುತ್ತದೆ ಎಂಬ ನಂಬಿಕೆ ತಪ್ಪು. ಟೈರಿನ ಮೇಲೆ ಬರೆದ ಮಿತಿ ದಾಟಿ ಹವಾ ಹಾಕಿದರೂ ಹೊರುವ ಶಕ್ತಿ ಏರುವುದಿಲ್ಲ.

ಅಂಕಿ ನೆನಪಿಡುವುದು ಕಷ್ಟವಾದರೆ ಸೈಡ್‌ವಾಲ್ ಮೇಲಿನ ಐಎಸ್‌ಐ ಗುರುತಿನ ಹತ್ತಿರ ನೋಡಿ. ಐಎಸ್ 15633 ಇದ್ದರೆ ಕಾರು-ಜೀಪು ವರ್ಗದ ಟೈರ್, ಐಎಸ್ 15636 ಇದ್ದರೆ ಸರಕು ವಾಹನದ್ದು. ಲೋಡ್ ಹೊರುವ ಪಿಕಪ್ಪಿಗೆ 15633ರ ಟೈರ್ ಇನ್ನು ಮುಂದೆ ನಮ್ಮಲ್ಲಿ ಹಾಕುವುದಿಲ್ಲ, ರೇಟು ಕಡಿಮೆ ಇದ್ದರೂ. ಅಗಲ ಬೇಕೇ ಬೇಕು ಎನ್ನುವವರು ಕೇಳುವ 235/70 ಆರ್15 ಎತ್ತರದಲ್ಲಿ ಪಾಸಾಗುತ್ತದೆ, 710 ಮಿ.ಮೀ. ಅಷ್ಟೇ. ಅದು ಬಿದ್ದುಹೋಗುವುದು ಈ ಭಾರದ ಲೆಕ್ಕದಲ್ಲಿ.

ಜಾಗದ ಅಳತೆ ಹೀಗೆ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಮುಂದಿನ ಟೈರ್ ಚಾಸಿಗೆ, ಮಡ್‌ಗಾರ್ಡಿಗೆ ತಾಗುತ್ತದೆಯೇ ನೋಡುತ್ತೇವೆ. ಹಿಂದೆ, ಖಾಲಿ ಗಾಡಿಯಲ್ಲಿ ಹೌಸಿಂಗಿಗೂ ಅದು ಮೇಲೇರದಂತೆ ತಡೆಯುವ ಬಂಪ್ ರಬ್ಬರಿಗೂ ಇರುವ ಅಂತರ ಅಳೆಯುತ್ತೇವೆ. ಲೋಡ್ ಬಿದ್ದು ಗುಂಡಿಗೆ ಇಳಿದಾಗ ಚಕ್ರ ಮೇಲೇರುವುದು ಅಷ್ಟೇ. ಟೈರಿನ ಮೇಲಿನ ಜಾಗ ಆ ಅಂತರಕ್ಕಿಂತ ಕನಿಷ್ಠ 20 ಮಿ.ಮೀ. ಹೆಚ್ಚಿರಬೇಕು. ಖಾಲಿ ಗಾಡಿಯಲ್ಲಿ ಕೈ ತೂರುತ್ತದೆ ಎಂದು ನೋಡಿ ಹಾಕಿಸಿಕೊಂಡ ಟೈರ್, ಕಬ್ಬು ಹೇರಿದ ದಿನ ಗಾಡಿಯ ಬಾಡಿಯನ್ನು ಉಜ್ಜುತ್ತದೆ. ಒಳಗಡೆ ಕಮಾನ್ ಪಟ್ಟಿಗೂ ಟೈರಿಗೂ ನಡುವಿನ ಜಾಗ ಬೇರೆಯೇ ನೋಡಬೇಕು.

ಡಿಸ್ಕ್ ಬದಲಿಸುವವರಿಗೆ: ಬೋಲ್ಟಿನ ತೂತು ಹೊಂದಿದ ಮಾತ್ರಕ್ಕೆ ಡಿಸ್ಕ್ ಹೊಂದಿತು ಎಂದಲ್ಲ. 215/75 ಆರ್15ಕ್ಕೆ ಡಿಸ್ಕಿನ ಅಗಲ 5.5ರಿಂದ 7 ಇಂಚು, 235/75ಕ್ಕೆ 6ರಿಂದ 8 ಇಂಚು. 5.5 ಜೆ ಡಿಸ್ಕಿಗೆ 235 ಹಾಕಿದರೆ ಸೈಡ್‌ವಾಲ್ ಉಬ್ಬಿ, ನಡುವಿನ ಗ್ರಿಪ್ ಬೇಗ ಸವೆಯುತ್ತದೆ. ಇಟಿ ಅಂಕಿ (ಹಬ್ಬಿಗೆ ಕೂರುವ ಮುಖ ಡಿಸ್ಕಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬುದು) 40 ಇದ್ದಲ್ಲಿ 10ರ ಡಿಸ್ಕ್ ಹಾಕಿದರೆ ಚಕ್ರದ ನಡುಗೆರೆ 30 ಮಿ.ಮೀ. ಹೊರಗೆ ಸರಿಯುತ್ತದೆ, ನೋಡಲು ಚೆಂದ, ಭಾರವೆಲ್ಲ ಹಬ್ ಬೇರಿಂಗಿನ ಮೇಲೆ. ಸ್ಪೇಸರ್ (ಹಬ್ಬಿಗೂ ಡಿಸ್ಕಿಗೂ ನಡುವೆ ಇಡುವ ದಪ್ಪ ಬಿಲ್ಲೆ) ಹಾಕುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಹೊಸ ಡಿಸ್ಕ್ ಹಾಕಿಸಿದವರು 50ರಿಂದ 100 ಕಿ.ಮೀ. ಓಡಿಸಿ ನಟ್ ಮತ್ತೆ ಬಿಗಿ ಮಾಡಿಸಿಕೊಳ್ಳಲೇಬೇಕು. ಟ್ಯೂಬ್‌ಲೆಸ್‌ಗೆ ಸಾಮಾನ್ಯ ರಬ್ಬರ್ ವಾಲ್ವಿನ ಮಿತಿ 65 ಪಿಎಸ್‌ಐ. ಅದಕ್ಕಿಂತ ಹೆಚ್ಚು ಹವಾ ಬೇಡುವ ಟೈರಿಗೆ ನಟ್ ಇರುವ ಲೋಹದ ವಾಲ್ವನ್ನೇ ಹಾಕುತ್ತೇವೆ, ಬಿಲ್ಲಿನಲ್ಲಿ ಬೇರೆ ಬರುತ್ತದೆ.

7.00-15 ಮತ್ತು 7.00 ಆರ್15 ಒಂದೇ ಅಲ್ಲ. ಅಡ್ಡಗೆರೆ ಇದ್ದರೆ ನೈಲಾನ್, 'ಆರ್' ಇದ್ದರೆ ರೇಡಿಯಲ್. ಒಂದೇ ಆ್ಯಕ್ಸಲ್ಲಿಗೆ ಒಂದೊಂದು ಹಾಕುವುದಿಲ್ಲ. ಫೋರ್ ವೀಲ್ ಡ್ರೈವ್ ಗಾಡಿಗೆ ನಾಲ್ಕೂ ಒಂದೇ ಸೈಜು, ಸವೆತವೂ ಹತ್ತಿರಹತ್ತಿರ ಇರಬೇಕು. ಇಲ್ಲದಿದ್ದರೆ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹೋಗುತ್ತದೆ. ಸ್ಟೆಪ್ನಿ ಹಳೆಯ ಸೈಜಿನದಾಗಿ ಉಳಿಯದಂತೆಯೂ ನೋಡಿಕೊಳ್ಳಿ.

ಮೋಟಾರು ವಾಹನ ಕಾಯ್ದೆ, 1988ರ ಕಲಂ 52ರ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ ಎಂಬುದೂ ಗಮನದಲ್ಲಿರಲಿ. ನಿಮ್ಮ ಗಾಡಿಯ ಸೈಜು, ಹವಾ ಎಷ್ಟೆಂಬುದು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿದೆ. ಸ್ಟಿಕ್ಕರ್ ಅಳಿಸಿದ್ದರೆ ಈಗಿರುವ ಟೈರ್ ನಂಬಬೇಡಿ. ಹಿಂದಿನ ಮಾಲೀಕರು ಬದಲಿಸಿರಬಹುದು.

235/75ಕ್ಕೆ ಈಗಾಗಲೇ ಅಡ್ವಾನ್ಸ್ ಕೊಟ್ಟವರು ರಸೀದಿ ತಂದರೆ ಗಾಡಿ ಅಳೆದು, ಕೂಡದಿದ್ದರೆ ಪೂರ್ತಿ ಹಣ ವಾಪಸ್ ಕೊಡುತ್ತೇವೆ, ಇಲ್ಲವೇ ಅದೇ ಹಣದಲ್ಲಿ ಸರಿಯಾದ ಸೈಜ್ ಕೊಡುತ್ತೇವೆ. ಕಬ್ಬಿನ ಹಂಗಾಮು ಶುರುವಾದ ಮೇಲೆ ಬೆಳಗಿನ ಹೊತ್ತು ಗದ್ದಲ ಇರುತ್ತದೆ; ಅಳತೆಗೆ ಮಧ್ಯಾಹ್ನ ಮೂರರ ನಂತರ ಬನ್ನಿ.

ಇಂತಿ,
ಟೈರ್ ಮತ್ತು ಅಲೈನ್‌ಮೆಂಟ್ ವಿಭಾಗ, ವಿಜಯಪುರ