ಹೊಟ್ಟೆಯುಬ್ಬರ, ಕಷಾಯ ಮತ್ತು ಪಾತ್ರೆಯ ಮುಚ್ಚಳ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಊಟವಾಗಿ ಅರ್ಧ ಗಂಟೆಗೆಲ್ಲ ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತದೆ, ತಿಂಗಳುಗಟ್ಟಲೆ ಇದೇ ಪಾಡು, ಮನೆಮದ್ದು ಹೇಳು ಎಂದು ಕೇಳಿದ್ದೀಯ. ಮದ್ದಿಗಿಂತ ಮೊದಲು ಒಂದು ಮಾತು. 'ಗ್ಯಾಸ್ಟ್ರಿಕ್' ಎಂಬ ಒಂದೇ ಚೀಲದಲ್ಲಿ ನಾವು ಮೂರು ಬೇರೆ ತೊಂದರೆ ತುಂಬಿಟ್ಟಿದ್ದೇವೆ. ಹೊಕ್ಕುಳ ಸುತ್ತ ಉಬ್ಬಿ ಗುಡುಗುಡು ಎಂದು, ಗಾಳಿ ಹೋದರೆ ಹಗುರಾಗುವುದು ಒಂದು. ಎದೆಯುರಿ, ಹುಳಿತೇಗು ಇನ್ನೊಂದು. ಮಲಬದ್ಧತೆಯಿಂದಲೇ ಹೊಟ್ಟೆ ಭಾರವಾಗಿರುವುದು ಮೂರನೆಯದು. ಮೊದಲನೆಯದಕ್ಕೆ ಒಗ್ಗುವ ಶುಂಠಿ, ಮೆಣಸು, ಇಂಗು ಎರಡನೆಯದಕ್ಕೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ನಿನ್ನದು ಯಾವುದೆಂದು ನೋಡಿಕೊಂಡೇ ಮುಂದೆ ಓದು.

ಬರೀ ಉಬ್ಬರಕ್ಕೆ ಜೀರಿಗೆ–ಓಮವೇ ಸಾಕು. ಒಂದು ಟೀ ಚಮಚ ಜೀರಿಗೆ, ಅರ್ಧ ಚಮಚ ಓಮವನ್ನು ತರಿತರಿಯಾಗಿ ಕುಟ್ಟು. ಒಂದು ಲೋಟ ನೀರು ಕುದಿಸಿ, ಒಲೆ ಆರಿಸಿದ ಮೇಲೆ ಪುಡಿ ಹಾಕಿ, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡು. ಸೋಸಿ, ಊಟವಾದ ಇಪ್ಪತ್ತು ನಿಮಿಷಕ್ಕೆ ಅರ್ಧ ಲೋಟ ಗುಟುಕು ಗುಟುಕಾಗಿ ಕುಡಿ. ಗಟಗಟ ಕುಡಿದರೆ ನೀರಿನ ಜೊತೆ ಗಾಳಿಯನ್ನೂ ನುಂಗುತ್ತೀಯ. ಎಲ್ಲರೂ ತಪ್ಪುವುದು ಮುಚ್ಚಳದಲ್ಲಿ. ಎರಡು ಲೋಟ ಒಂದಕ್ಕೆ ಇಳಿಯುವವರೆಗೆ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಓಮದ ಥೈಮಾಲ್‌ನಂಥ ಹಾರಿಹೋಗುವ ಎಣ್ಣೆಗಳು ಆವಿಯ ಜೊತೆ ಹೋಗುತ್ತವೆ. ಅಡುಗೆಮನೆಯೆಲ್ಲ ಘಮಘಮ ಅಂದರೆ ಮದ್ದು ಗೋಡೆಗೆ ಹತ್ತಿತು ಎಂದೇ ಲೆಕ್ಕ.

ಇನ್ನು ಇಂಗು. ಅಂಗಡಿಯ ಡಬ್ಬಿಯಲ್ಲಿರುವುದು ಬಹುಪಾಲು ಗೋಂದು ಮತ್ತು ಹಿಟ್ಟು. ಇಂಗು ಅದರಲ್ಲಿ ಸ್ವಲ್ಪವೇ. ಆ ಹಿಟ್ಟು ಗೋಧಿಯದಾಗಿದ್ದು, ಗೋಧಿ ಒಗ್ಗದವರಾದರೆ ಮದ್ದೇ ಉಬ್ಬರ ತರುತ್ತದೆ. ಲೇಬಲ್ ಓದು. ಗಟ್ಟಿ ಇಂಗನ್ನು ತುಪ್ಪದಲ್ಲಿ ಅರಳುವಂತೆ ಹುರಿದೇ ಬಳಸು, ಹಸಿಯದು ಹೊಟ್ಟೆ ತೊಳಸುತ್ತದೆ.

ಹಿಂಗ್ವಾಷ್ಟಕ ಚೂರ್ಣ ಎಂಬ ಆಯುರ್ವೇದದ ಎಂಟು ಸಾಮಾನಿನ ಪುಡಿ ಈ ಜಾತಿಯ ಉಬ್ಬರಕ್ಕೆಂದೇ ಇರುವುದು. ಒಣಶುಂಠಿ, ಕಾಳುಮೆಣಸು, ಹಿಪ್ಪಲಿ, ಅಜಮೋದ (ಮನೆಗಳಲ್ಲಿ ಓಮವನ್ನೇ ಹಾಕುತ್ತಾರೆ), ಸೈಂಧವ ಲವಣ, ಜೀರಿಗೆ, ಶಾಜೀರಿಗೆ, ಹುರಿದ ಇಂಗು. ಮೊದಲ ಏಳು ತಲಾ 10 ಗ್ರಾಂ. ಇಂಗಿನ ಪ್ರಮಾಣದಲ್ಲಿ ಮಾತ್ರ ಜಗಳವಿದೆ: ಶ್ಲೋಕದ ಮಾತನ್ನು ಕೆಲವರು 'ಎಂಟನೆಯದಾಗಿ ಸಮಭಾಗ' ಎಂದು ಓದುತ್ತಾರೆ, ಕೆಲವರು 'ಎಂಟನೇ ಒಂದು ಭಾಗ' ಎಂದು. ಮನೆಯಲ್ಲಿ ಮಾಡುವುದಾದರೆ ಎರಡನೆಯದೇ ಮೇಲು, ಒಂದೂಕಾಲು ಗ್ರಾಂ ಸಾಕು. ಬರೀ 'ಕರಿಜೀರಿಗೆ' ಅಂದರೆ ಅಂಗಡಿಯವರು ಬೇರೆ ಬೀಜ ಕಟ್ಟಿಕೊಟ್ಟಾರು, 'ಶಾಜೀರಿಗೆ' ಎಂದೇ ಕೇಳು. ಅರ್ಧ ಟೀ ಚಮಚ ಚೂರ್ಣವನ್ನು ತುಪ್ಪದಲ್ಲಿ ಕಲಸಿ ಅನ್ನದ ಮೊದಲ ತುತ್ತಿನ ಜೊತೆ ತಿನ್ನಬೇಕು. ಊಟ ಮುಗಿಸಿ, ಉಬ್ಬಿದ ಮೇಲೆ ನೀರಿನಲ್ಲಿ ನುಂಗುವುದು ಅದರ ಕ್ರಮವಲ್ಲ. ಬಿಪಿ ಇದ್ದವರು ಉಪ್ಪಿನ ಭಾಗ ಬಿಡಬಹುದು.

ಊಟದಲ್ಲೇ ಮದ್ದು ಬೇಕೆಂದರೆ ದೊಡ್ಡಪತ್ರೆ ತಂಬುಳಿ. ಹತ್ತು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ಎರಡು ಚಮಚ ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸು. ಕಾಯಿ ಜಾಸ್ತಿಯಾದರೆ ಅದೇ ಜೀರ್ಣಕ್ಕೆ ಭಾರ.

ಎದೆಯುರಿಯವರಿಗೆ ಇದಾವುದೂ ಬೇಡ. ಪುದೀನವೂ ಬೇಡ: ಅದು ಅನ್ನನಾಳದ ಕೆಳಬಾಗಿಲನ್ನು ಸಡಿಲಿಸಿ ಹುಳಿಯನ್ನು ಮೇಲಕ್ಕೆ ಬಿಡುತ್ತದೆ. ಜೇಷ್ಠಮಧು ತಂಪೆಂದು ದಿನವೂ ಕುಡಿಯುವವರಿದ್ದಾರೆ. ಅದು ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ರಾತ್ರಿ ಬೇಗ ಉಂಡು, ಮೂರು ಗಂಟೆ ಬಿಟ್ಟು ಮಲಗುವುದೇ ಅವರಿಗೆ ಹೆಚ್ಚು ಕೆಲಸ ಮಾಡುತ್ತದೆ. ಮಲಬದ್ಧತೆಗೆ ಇಸಬ್ಗೋಲು: ಒಂದು ಚಮಚದಿಂದ ಶುರುಮಾಡಿ, ದೊಡ್ಡ ಲೋಟ ನೀರಿನಲ್ಲಿ ಕದಡಿ ತಕ್ಷಣ ಕುಡಿ. ನೀರು ಕಮ್ಮಿಯಾದರೆ ಗಂಟಲಲ್ಲೇ ಉಬ್ಬಿ ಕೂರುತ್ತದೆ. ಒಮ್ಮೆಗೇ ಜಾಸ್ತಿ ಹಾಕಿದರೆ ಮೊದಲ ವಾರ ಗಾಳಿ ಇನ್ನಷ್ಟು.

ಕಾಳಿನ ವಿಷಯ. ಕಡಲೆ, ಅಲಸಂದೆಯಲ್ಲಿರುವ ಕೆಲವು ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನ ಕರುಳಲ್ಲಿಲ್ಲ. ಅವನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾ ಹುದುಗಿಸುತ್ತವೆ, ಗಾಳಿ ಹುಟ್ಟುವುದು ಹೀಗೆ. ಒಗ್ಗರಣೆಗೆ ಎಷ್ಟು ಇಂಗು ಹಾಕಿದರೂ ಆ ಸಕ್ಕರೆ ಕರಗದು. ಹತ್ತು ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸು. ಹಾಲು, ಕಾಫಿಯನ್ನೂ ಹತ್ತು ದಿನ ಬಿಟ್ಟು ನೋಡು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಒಗ್ಗದ ಹೊಟ್ಟೆಗೆ ಕಷಾಯ ಕುಡಿಸುತ್ತಾ ಹೋದರೆ ಪ್ರಯೋಜನವಿಲ್ಲ.

ಎರಡು ವಾರಕ್ಕೂ ಬಗ್ಗದಿದ್ದರೆ ವೈದ್ಯರ ಹತ್ತಿರ ಹೋಗು. ತೂಕ ಇಳಿಯುವುದು, ಕಪ್ಪು ಮಲ, ನುಂಗಲು ಕಷ್ಟ, ಮತ್ತೆ ಮತ್ತೆ ವಾಂತಿ ಇದ್ದರೆ ಎರಡು ವಾರವೂ ಕಾಯಬೇಡ. ಮನೆಯಲ್ಲಿ ಐವತ್ತು ದಾಟಿದ ಹೆಂಗಸರಿಗೆ ಹೊಸದಾಗಿ ಬಂದ ಉಬ್ಬರ ಹೋಗದೇ ಉಳಿದರೆ ಅಂಡಾಶಯದ ಪರೀಕ್ಷೆಯೂ ಆಗಬೇಕು. 'ಗ್ಯಾಸ್' ಎನ್ನುವ ಎದೆನೋವಿನ ಜೊತೆ ಬೆವರು, ಉಸಿರುಕಟ್ಟು ಇದ್ದರೆ ಓಮದ ನೀರು ಹುಡುಕುತ್ತಾ ಕೂರಬೇಡ, ನೇರ ಆಸ್ಪತ್ರೆ.

ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಬರೆದು ಕಳಿಸು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಹೊಟ್ಟೆ ಉಬ್ಬಿಸುತ್ತದೆ, ನೋವಿನ ಮಾತ್ರೆ ಉರಿ ತರುತ್ತದೆ. ರಕ್ತ ತೆಳುಮಾಡುವ ಮಾತ್ರೆ ಏನಾದರೂ ಇದ್ದರೆ, ಶುಂಠಿ–ಇಂಗಿನ ಚೂರ್ಣ ಡಾಕ್ಟರನ್ನು ಕೇಳದೆ ಮುಟ್ಟಬೇಡ.

ನಿನ್ನ,
ಗೆಳೆಯ